ಹಸುವಿಗೆ ರಾತ್ರಿಯೇ ಡಾಕ್ಟರು, ನಾಯಿಗೆ ಮಾತ್ರ ನಾಳೆ ನೋಡೋಣ: ಯಾಕೆ ಹೀಗೆ?

ಪ್ರಶ್ನೆ: ನಾನು ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ಊರಿನ ಹುಡುಗರು ಸೇರಿ ಶಾಲೆಯ ಅಂಗಳದಲ್ಲಿ ನಾಯಿಗಳಿಗೆ ಉಚಿತವಾಗಿ ರೇಬೀಸ್ ಲಸಿಕೆ ಹಾಕಿಸಿದೆವು. ಹೊಸ ಬಡಾವಣೆಯವರು ಬಂದರು. ಊರೊಳಗಿನವರು, ತೋಟದ ಮನೆಯವರು ಅಷ್ಟಾಗಿ ಬರಲೇ ಇಲ್ಲ. ದುಡ್ಡಂತೂ ಕೇಳಿರಲಿಲ್ಲ. ಹಾಗಾದರೆ ಓದು ಕಡಿಮೆ ಇರುವುದೇ ಕಾರಣವೇ? ನಾಯಿ ಸಾಕುವವರ ಹಿನ್ನೆಲೆಗೂ ಡಾಕ್ಟರ ಹತ್ತಿರ ಬರುವುದಕ್ಕೂ ಸಂಬಂಧ ಇದೆಯೇ? ಮುಂದಿನ ಸಲ ಏನು ಮಾಡಬೇಕು? ಇನ್ನೊಂದು ವಿಷಯ. ಎರಡು ತಿಂಗಳ ಮರಿಗಳನ್ನು ತಂದವರನ್ನು ನಾವು ವಾಪಸ್ ಕಳಿಸಿದೆವು. ಅದು ಸರಿಯೇ?

ಉತ್ತರ: ಸಂಬಂಧ ಇದೆ ಮೇಡಂ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ನಿಮ್ಮ ಊರೊಳಗಿನ ಅದೇ ಮನೆಯವರನ್ನು ಹಸುವಿನ ವಿಷಯದಲ್ಲಿ ನೋಡಿ. ಕರು ಅಡ್ಡ ಸಿಕ್ಕಿಕೊಂಡರೆ ರಾತ್ರಿ ಎಷ್ಟು ಹೊತ್ತಾದರೂ ಡಾಕ್ಟರಿಗೆ ಫೋನ್ ಬರುತ್ತದೆ. ಕೆಚ್ಚಲು ಬಾವು ಬಂದಿದೆ ಅಂತ ಪಶುವೈದ್ಯರಾದ ನಾವು ಹೋಗುವ ಮೊದಲೇ ಅವರಿಗೆ ಗೊತ್ತಿರುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಬರುತ್ತೆ ಅಂತ ಹಾಲಿನ ಡೈರಿಯಲ್ಲಿ ಅವರೇ ಕೇಳುತ್ತಾರೆ. ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಲೆಕ್ಕ ಬಾಯಲ್ಲೇ ಇರುತ್ತದೆ. ಕೋಲಾರ ಜಿಲ್ಲೆಯಲ್ಲಿ ಇಂಥ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ. ಇವರಿಗೆ ಪಶುವೈದ್ಯರು ಅಂದರೆ ಏನು, ಲಸಿಕೆ ಅಂದರೆ ಏನು ಅಂತ ಗೊತ್ತಿಲ್ಲ ಅನ್ನೋಕೆ ಆಗುತ್ತಾ? ಗೊತ್ತಿದೆ. ಆ ತಿಳಿವಳಿಕೆ ನಾಯಿಯವರೆಗೆ ಹೋಗಿಲ್ಲ, ಅಷ್ಟೇ.

ಹಸುವಿನ ಹಾಲಿನ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ಅದರಲ್ಲಿ ಮಕ್ಕಳ ಫೀಸು ಕಟ್ಟಬೇಕು, ಸಂಘದ ಸಾಲ ತೀರಿಸಬೇಕು. ಹಸು ಮಲಗಿದರೆ ಮನೆ ಮಲಗುತ್ತದೆ. ನಾಯಿ ಮಲಗಿದರೆ ಎರಡು ದಿನ ನೋಡುತ್ತಾರೆ. ಇದು ಕಲ್ಲುಹೃದಯ ಅಲ್ಲ. ಕೈಯಲ್ಲಿರುವ ನೂರು ರೂಪಾಯಿ ಯಾವ ಕಡೆ ಹೋಗಬೇಕು ಅನ್ನುವ ಲೆಕ್ಕ.

ಬೇರೆ ದೇಶಗಳಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಹೊರಬಂದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಸಾಕುಪ್ರಾಣಿ ಇರುವ ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಮನೆಯವರಿಗೆ ಹಿಂದಿನ ಎರಡು ವರ್ಷಗಳಲ್ಲಿ ಬೇಕಾದ ಚಿಕಿತ್ಸೆ ಕೊಡಿಸಲು ಆಗಿರಲಿಲ್ಲ. ಮುಖ್ಯ ಕಾರಣ ದುಡ್ಡು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗೆ. ಅಲ್ಲಿನ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ 2008ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆ ಮುಖ ತೋರಿಸಿತು. ಪ್ರಾಣಿಯ ಜೊತೆ ನಂಟು ಗಟ್ಟಿಯಾಗಿದ್ದವರು ಡಾಕ್ಟರ ಹತ್ತಿರ ಹೆಚ್ಚು ಬರುತ್ತಿದ್ದರು. ಡಾಕ್ಟರು ಬಿಡಿಸಿ ಹೇಳಿದರೆ ಹೇಳಿದ್ದನ್ನು ಪಾಲಿಸುತ್ತಲೂ ಇದ್ದರು.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಆಫ್ರಿಕಾದ ಮಲಾವಿ ದೇಶದ ಅನುಭವ. ಬ್ಲಾಂಟೈರ್ ನಗರದಲ್ಲಿ ನಿಮ್ಮ ಹಾಗೆಯೇ ಅಲ್ಲಲ್ಲಿ ಒಂದೊಂದು ಜಾಗ ಗೊತ್ತು ಮಾಡಿ ನಾಯಿಗಳಿಗೆ ಉಚಿತ ರೇಬೀಸ್ ಲಸಿಕೆ ಹಾಕಿದರು. ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಆಮೇಲೆ ಮನೆಮನೆಗೆ ಹೋಗಿ ವಿಚಾರಿಸಿದರು. ಎದ್ದು ಕಂಡ ಕಾರಣ ದೂರ. ಲಸಿಕೆ ಜಾಗದಿಂದ ಮನೆ ದೂರವಾದಷ್ಟೂ ಬರುವವರು ಕಡಿಮೆಯಾಗುತ್ತಾ ಹೋದರು. ಮರಿಗಳನ್ನೂ ಗಬ್ಬದ ನಾಯಿಗಳನ್ನೂ ಜನ ಮನೆಯಲ್ಲೇ ಬಿಟ್ಟಿದ್ದರು.

ನಿಮ್ಮ ಶಾಲೆಯ ಅಂಗಳ ಬಡಾವಣೆಯಿಂದ ಎಷ್ಟು ದೂರ, ತೋಟದ ಮನೆಗಳಿಂದ ಎಷ್ಟು ದೂರ? ಒಮ್ಮೆ ಅಳೆದು ನೋಡಿ. ಬಡಾವಣೆಯ ನಾಯಿಗೆ ಕುತ್ತಿಗೆ ಪಟ್ಟಿ ಇದೆ, ಚೈನು ಇದೆ, ದಿನಾ ವಾಕಿಂಗ್ ಹೋಗಿ ಅಭ್ಯಾಸ ಇದೆ. ತೋಟದ ನಾಯಿ ಹುಟ್ಟಿದಾಗಿನಿಂದ ಹಗ್ಗ ಕಂಡಿಲ್ಲ. ಹುಣಸೆ ಮರದ ಕೆಳಗೆ ಮಲಗಿರುತ್ತೆ, ಕರೆದರೆ ಬಾಲ ಅಲ್ಲಾಡಿಸುತ್ತೆ, ಕುತ್ತಿಗೆಗೆ ಹಗ್ಗ ಹಾಕಲು ಹೋದರೆ ಹಲ್ಲು ತೋರಿಸುತ್ತೆ. ಅದನ್ನು ದಾರಿಯಲ್ಲಿ ಸಿಗುವ ಹತ್ತು ನಾಯಿಗಳ ನಡುವೆ ಎಳೆದುಕೊಂಡು ಬರಬೇಕು. ಆಟೋದವರು ಹತ್ತಿಸಿಕೊಳ್ಳುವುದಿಲ್ಲ. ಎಂ.ಎ. ಓದಿದವರಿಗೂ ಆ ಕೆಲಸ ಆಗುವುದಿಲ್ಲ.

ಇನ್ನು ಮನೆಯೊಳಗೆ ಬನ್ನಿ. ನಾಯಿಗೆ ಅನ್ನ ಹಾಕುವವರು ಯಾರು? ಹೆಚ್ಚಾಗಿ ಮನೆಯ ಹೆಂಗಸರು. ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ, ಮೂಗು ಒಣಗಿದೆ, ಮೂಲೆ ಸೇರಿದೆ ಅಂತ ಮೊದಲು ಗಮನಿಸುವವರೂ ಅವರೇ. ಆದರೆ ಬೈಕು ಯಾರದು? ದುಡ್ಡು ತೆಗೆಯುವವರು ಯಾರು? ಅವರು ಸಂಜೆ ಬಂದ ಮೇಲೆ ವಿಷಯ ಹೇಳಬೇಕು. 'ನಾಯಿ ತಾನೇ, ಹುಲ್ಲು ತಿಂದು ಸರಿಹೋಗುತ್ತೆ ಬಿಡು' ಅನ್ನುವ ಉತ್ತರ ಬರುತ್ತದೆ. ಮೂರನೇ ದಿನ ನಾಯಿ ಏಳದೇ ಹೋದಾಗ ಬೈಕು ಹೊರಡುತ್ತದೆ. ಪಾರ್ವೋ ಅನ್ನುವ ವೈರಸ್ ರೋಗ ತಗುಲಿದ ಮರಿಗೆ ಮೂರು ದಿನ ಅಂದರೆ ಮುಗಿದೇ ಹೋಯಿತು. ರಕ್ತಭೇದಿ, ವಾಂತಿ, ನೀರಿನಂಶ ಖಾಲಿ. ಮೊದಲ ದಿನ ಡ್ರಿಪ್ ಹಾಕಿದ್ದರೆ ಉಳಿಯುತ್ತಿತ್ತೇನೋ. ಆಗ ಊರಲ್ಲಿ ಏನು ಮಾತಾಗುತ್ತದೆ? 'ಡಾಕ್ಟರ ಹತ್ತಿರ ಹೋದರೂ ಉಳಿಯಲಿಲ್ಲ.' ಮುಂದಿನ ಮರಿಯನ್ನು ಯಾರೂ ತರುವುದಿಲ್ಲ. ಹಿನ್ನೆಲೆ ಮುಖ್ಯವಾಗಿ ಏಟು ಕೊಡುವುದು ಇಲ್ಲಿ. ಬರುತ್ತಾರೋ ಇಲ್ಲವೋ ಅನ್ನುವುದಕ್ಕಿಂತ ಯಾವಾಗ ಬರುತ್ತಾರೆ ಅನ್ನುವುದನ್ನು ಅದು ತೀರ್ಮಾನಿಸುತ್ತದೆ.

ಮಡಿಯ ಮನೆ ಇರಲಿ, ನಮಾಜಿನ ಮನೆ ಇರಲಿ, ಕೆಲವು ಕಡೆ ನಾಯಿಗೆ ಹೊಸಿಲ ಆಚೆಯೇ ಜಾಗ. ಅನ್ನ ಹಾಕುತ್ತಾರೆ, ಮುಟ್ಟುವುದಿಲ್ಲ. ಅದರಲ್ಲಿ ನನ್ನ ತಕರಾರೇನೂ ಇಲ್ಲ, ಪ್ರೀತಿ ಇದ್ದೇ ಇರುತ್ತದೆ. ಆದರೆ ಕೈ ಆಡಿಸದ ನಾಯಿಯ ಮೈಯಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಗೊಂಚಲು ಕಟ್ಟಿರುತ್ತದೆ. ಉಣ್ಣೆಯಿಂದ ಎರ್ಲಿಕಿಯಾ ಅನ್ನುವ ಜ್ವರ ಬರುತ್ತದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ವಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಸೋರುತ್ತದೆ. ರಕ್ತ ಕಂಡಾಗ ಮಾತ್ರ ಓಡಿ ಬರುತ್ತಾರೆ. ಬೇಗ ಬಂದರೆ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ ಇದು. ಸುಮಾರು ನಾಲ್ಕು ವಾರ ಕೊಡಬೇಕು. ಐದು ದಿನಕ್ಕೆ ನಾಯಿ ಚುರುಕಾಗುತ್ತದೆ, ಮಾತ್ರೆ ನಿಲ್ಲುತ್ತದೆ. ಇದರಲ್ಲಿ ಮಾತ್ರ ಓದಿದವರಿಗೂ ಓದದವರಿಗೂ ವ್ಯತ್ಯಾಸ ಇಲ್ಲ.

ಓದಿದವರ ಮಾತು ಬಂತು, ಹೇಳಿಬಿಡುತ್ತೇನೆ. ನಿಮ್ಮ ಶಿಬಿರಕ್ಕೆ ಬಂದ ಬಡಾವಣೆಯವರು ಎಲ್ಲವನ್ನೂ ಸರಿಯಾಗಿ ಮಾಡುತ್ತಾರೆ ಅಂದುಕೊಳ್ಳಬೇಡಿ. ಅವರೂ ತಡ ಮಾಡುತ್ತಾರೆ, ಕಾರಣ ಬೇರೆ. ಮೊದಲು ಮೊಬೈಲ್ ನೋಡುತ್ತಾರೆ. ಆಮೇಲೆ ಮನೆಯಲ್ಲಿರುವ ಮಾತ್ರೆ ಕೊಡುತ್ತಾರೆ. ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಕುಂಟುತ್ತಿದ್ದ ನಾಯಿ ವಾಂತಿ ಮಾಡುತ್ತಾ ಬರುತ್ತದೆ. ಹಳ್ಳಿಯಲ್ಲಿ ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಸವರುತ್ತಾರೆ, ನಾಯಿ ಅದನ್ನು ನೆಕ್ಕುತ್ತದೆ. ಹುಳ ಬಿದ್ದ ಗಾಯಕ್ಕೆ ಪೆಟ್ರೋಲ್ ಸುರಿಯುತ್ತಾರೆ. ಎರಡೂ ಮನೆಮದ್ದೇ ಅಲ್ವಾ? ಒಂದು ಮೆಕ್ಯಾನಿಕ್ ಅಂಗಡಿಯಿಂದ ಬಂತು, ಇನ್ನೊಂದು ಮೆಡಿಕಲ್ ಸ್ಟೋರಿನಿಂದ.

ದುಡ್ಡು ಕೊಟ್ಟು ತಂದ ಲ್ಯಾಬ್ರಡಾರ್‌ಗೂ ಬೀದಿಯಿಂದ ಎತ್ತಿಕೊಂಡು ಬಂದ ಮರಿಗೂ ಸಿಗುವ ಮರ್ಯಾದೆ ಬೇರೆ. ಕೊಂಡ ಬೆಲೆಗೆ ತಕ್ಕಂತೆ ಚಿಕಿತ್ಸೆ ಅನ್ನುವ ಲೆಕ್ಕ ಎಲ್ಲ ವರ್ಗದಲ್ಲೂ ಇದೆ. ಲಸಿಕೆ ಕಾರ್ಡಿನ ಕಥೆಯೂ ಕೇಳಿ. ಮಾರಿದವರು 'ಎಲ್ಲಾ ಆಗಿದೆ' ಅಂತ ಕಾರ್ಡು ಕೊಟ್ಟಿರುತ್ತಾರೆ. ಒಳಗೆ ಲಸಿಕೆ ಬಾಟಲಿಯ ಸ್ಟಿಕ್ಕರೂ ಇರುವುದಿಲ್ಲ, ಡಾಕ್ಟರ ಸಹಿಯೂ ಇರುವುದಿಲ್ಲ. ಕೊಂಡವರು ನೆಮ್ಮದಿಯಾಗಿರುತ್ತಾರೆ. ಇಂಥ ಕಾರ್ಡು ಕಂಡರೆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕಕ್ಕೆ ತಗೊಳ್ಳಿ.

ಹೊತ್ತಿನ ವಿಷಯ ನಾವು ಡಾಕ್ಟರುಗಳು ಸಾಮಾನ್ಯವಾಗಿ ಮರೆಯುತ್ತೇವೆ. ಕೆ.ಜಿ.ಎಫ್., ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ನೆನೆಸಿಕೊಳ್ಳಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಬದುಕು ಆ ರೈಲಿನ ಮೇಲೆ ನಿಂತಿದೆ. ಪಶು ಆಸ್ಪತ್ರೆ ಬಾಗಿಲು ತೆಗೆಯುವಾಗ ಅವರು ಬೆಂಗಳೂರಿನಲ್ಲಿ, ಮುಚ್ಚಿದ ಮೇಲೆ ಊರಿನಲ್ಲಿ. ಟೊಮೇಟೊ ಕೊಯ್ಲಿನ ದಿನಗಳಲ್ಲಿ ಕೋಲಾರದ ಮಂಡಿಗೆ ಹೋಗುವವರದೂ ಇದೇ ಪಾಡು. ಕೂಲಿಯವರಿಗೆ ಆಸ್ಪತ್ರೆಗೆ ಬರುವುದು ಅಂದರೆ ಒಂದು ದಿನದ ಕೂಲಿ ಹೋಗುವುದು. ಲಸಿಕೆ ಉಚಿತ ನಿಜ, ಆ ದಿನ ಉಚಿತವಲ್ಲ.

ಮಾತಿನ ತೊಡಕೂ ಇದೆ. ಮುಳಬಾಗಿಲು ಕಡೆ ಮನೆಮಾತು ತೆಲುಗು, ಕೆ.ಜಿ.ಎಫ್.ನಲ್ಲಿ ತಮಿಳು, ನರಸಾಪುರದ ಕಾರ್ಖಾನೆಗಳ ಸುತ್ತಮುತ್ತ ಹಿಂದಿ. ನಮ್ಮ ಚೀಟಿ ಇಂಗ್ಲಿಷಿನಲ್ಲಿ! ಕೋಲಾರದವರು ಮೂರು ಭಾಷೆಯಲ್ಲಿ ಜಗಳ ಆಡಬಲ್ಲವರು, ಹೇಗೋ ನಿಭಾಯಿಸುತ್ತಾರೆ. ಆದರೂ 'ಅರ್ಧ ಮಾತ್ರೆ ಎರಡು ಹೊತ್ತು' ಅನ್ನುವುದನ್ನು ಅವರ ಮಾತಿನಲ್ಲೇ ಹೇಳಿದರೆ ಕೆಲಸ ಸಲೀಸು.

ಒಂದು ಮಾತು ನನ್ನ ವೃತ್ತಿಯವರಿಗೆ. ತಡವಾಗಿ ಬಂದವರನ್ನು ಬೈದು ಕಳಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. 'ಇಷ್ಟು ದಿನ ಏನು ಮಾಡ್ತಿದ್ರಿ?' ಅಂತ ಹತ್ತು ಜನರ ಮುಂದೆ ಕೇಳುತ್ತೇವೆ. ಕಾರಿನಲ್ಲಿ ಬಂದವರಿಗೆ ಅದನ್ನೇ ಮೆತ್ತಗೆ ಕೇಳುತ್ತೇವೆ. ಬೈಸಿಕೊಂಡವರು ಮುಂದಿನ ಸಲ ಬೇಗ ಬರುವುದಿಲ್ಲ. ಬರುವುದೇ ಇಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಆ ನಾಯಿ ಯಾರದು? ಊರೊಳಗೆ ಒಂದು ನಾಯಿಗೆ ನಾಲ್ಕು ಮನೆ ಅನ್ನ. ಬೆಳಿಗ್ಗೆ ಒಬ್ಬರ ಜಗಲಿ, ರಾತ್ರಿ ಇನ್ನೊಬ್ಬರ ಕೊಟ್ಟಿಗೆ. ಹೆಸರಿದೆ, ಯಜಮಾನರಿಲ್ಲ. ಲಸಿಕೆ ಹಾಕಿಸಿ ಅಂದರೆ 'ಅದು ನಮ್ಮದಲ್ಲ, ಇಲ್ಲೇ ಇರುತ್ತೆ ಅಷ್ಟೇ' ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಹೌದು ನಮ್ಮದು ಅಂದರೆ ನಾಳೆ ಅದು ಯಾರನ್ನೋ ಕಚ್ಚಿದರೆ ಜಗಳ ತಮ್ಮ ತಲೆಗೆ ಬರುತ್ತೆ ಅನ್ನುವ ಭಯ. ನಿಮ್ಮ ಹುಡುಗರು ಪುಸ್ತಕ ಹಿಡಿದು 'ನಾಯಿ ಮಾಲೀಕರ ಹೆಸರು?' ಅಂತ ಕೇಳಿದ್ದರೆ ಅರ್ಧ ಜನ ಅಲ್ಲೇ ಹಿಂದೆ ಸರಿದಿರುತ್ತಾರೆ. 'ಇದಕ್ಕೆ ಅನ್ನ ಹಾಕೋರು ಯಾರು?' ಅಂತ ಕೇಳಿ. ಉತ್ತರ ಸಿಗುತ್ತದೆ.

ಅನ್ನ ಹಾಕುವವರನ್ನು ಹಿಡಿದರೂ ಲಸಿಕೆಗೆ ಒಪ್ಪಿಸಬೇಕಲ್ಲ. ಮನೆಗೆ ತಕ್ಕಂತೆ ಮಾತು ಬದಲಿಸಿ. ಹಾಲು ಹಾಕುವ ಮನೆಯಲ್ಲಿ ನಾಯಿಯ ಬಗ್ಗೆ ಮಾತು ಶುರು ಮಾಡಬೇಡಿ, ಹಸುವಿನ ಬಗ್ಗೆ ಶುರು ಮಾಡಿ. ಹುಚ್ಚು ನಾಯಿ ಹಸುವನ್ನೂ ಕಚ್ಚುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಸು ಜೊಲ್ಲು ಸುರಿಸುತ್ತದೆ, ವಿಚಿತ್ರವಾಗಿ ಅರಚುತ್ತದೆ, ಮೇವು ನುಂಗಲು ಆಗುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ಅಪಾಯ ಅಲ್ಲೇ. ಲಕ್ಷಣ ಶುರುವಾದ ಮೇಲೆ ರೇಬೀಸಿಗೆ ಹಸುವಿಗೂ ಮದ್ದಿಲ್ಲ, ಮನುಷ್ಯರಿಗೂ ಇಲ್ಲ. ಕೊಟ್ಟಿಗೆ ಕಾಯುವ ನಾಯಿಗೆ ಲಸಿಕೆ ಹಾಕಿಸುವುದು ಕೊಟ್ಟಿಗೆ ಕಾಯುವ ಖರ್ಚು ಅಂತ ಹೇಳಿ. ಈ ಲೆಕ್ಕ ಅವರಿಗೆ ಒಂದೇ ಮಾತಿಗೆ ಅರ್ಥವಾಗುತ್ತದೆ.

ಕುರಿ ಸಾಕುವವರಿಗೆ ಬೇರೆ ದಾರಿ. ಕುರಿ ತಲೆ ಒಂದು ಕಡೆ ವಾಲಿಸಿಕೊಂಡು ಸುತ್ತುತ್ತಾ ಸಾಯುವುದನ್ನು ಅವರು ನೋಡಿರುತ್ತಾರೆ. ಅದಕ್ಕೆ ಒಂದು ಕಾರಣ ನಾಯಿಯ ಹೊಟ್ಟೆಯಲ್ಲಿರುವ ಲಾಡಿಹುಳ. ಅದರ ಮೊಟ್ಟೆ ನಾಯಿಯ ಹೇಲಿನ ಮೂಲಕ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಹೋಗಿ ಮಿದುಳಿನಲ್ಲಿ ನೀರುಗುಳ್ಳೆ ಕಟ್ಟುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಮತ್ತೆ ಹುಳ ನಾಯಿಯ ಹೊಟ್ಟೆಗೆ. ನಾಯಿಗೆ ಡಾಕ್ಟರು ಹೇಳಿದ ಅಂತರದಲ್ಲಿ ಪ್ರಾಜಿಕ್ವಾಂಟೆಲ್ ಇರುವ ಹುಳದ ಮಾತ್ರೆ ಕೊಟ್ಟರೆ, ಕುರಿ ತಲೆಯನ್ನು ನಾಯಿಗೆ ಹಾಕದೆ ಆಳವಾಗಿ ಹೂತರೆ ಈ ಸುತ್ತು ಕಡಿಯುತ್ತದೆ. ಇದನ್ನು ಹೇಳಿ, ಅದೇ ಕೈಯಲ್ಲಿ ರೇಬೀಸ್ ಲಸಿಕೆಯನ್ನೂ ಹಾಕಿಸಿ. ಬೇಡ ಅನ್ನುವವರು ಕಡಿಮೆ.

ಶಿಬಿರವನ್ನು ಶಾಲೆಯ ಅಂಗಳದಿಂದ ಡೈರಿಯ ಮುಂದಕ್ಕೆ ತನ್ನಿ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಮನೆಗೊಬ್ಬರು ಅಲ್ಲಿ ಇದ್ದೇ ಇರುತ್ತಾರೆ, ಹಿಂದೆ ನಾಯಿಯೂ ಬಂದಿರುತ್ತದೆ. ಕರೆಯುವ ಕೆಲಸವೇ ಇಲ್ಲ. ಮೂರು ದಿನ ಮೊದಲೇ ಸಂಘದ ಕಾರ್ಯದರ್ಶಿ ಒಂದು ಮಾತು ಹೇಳಿದರೆ ನಿಮ್ಮ ಬ್ಯಾನರಿಗಿಂತ ಹೆಚ್ಚು ಕೆಲಸ ಆಗುತ್ತದೆ. ಆಮೇಲೆ ಅದೇ ದಿನ ತೋಟದ ಮನೆಗಳಿಗೆ ಬೈಕಿನಲ್ಲಿ ಹೋಗಿ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಐಸ್ ಪ್ಯಾಕ್ ಇರುವ ಡಬ್ಬಿ ಸಾಕು, ಬಿಸಿಲಲ್ಲಿ ಸೀಟಿನ ಮೇಲೆ ಬಿಡಬೇಡಿ. ನಾಯಿಯ ತಲೆ ಹಿಡಿಯುವವರು ಮನೆಯವರೇ ಆಗಿರಲಿ. ಬಾಯಿಗೆ ಗಾಜ್ ಬಟ್ಟೆಯನ್ನು ಸುತ್ತಿ ಕಿವಿಯ ಹಿಂದೆ ಗಂಟು ಹಾಕುವುದನ್ನು ನಿಮ್ಮ ಹುಡುಗರು ಡಾಕ್ಟರ ಹತ್ತಿರ ಮೊದಲೇ ಕಲಿಯಲಿ. ಮಕ್ಕಳು ನಾಯಿ ಹಿಡಿದುಕೊಂಡು ಬರುವುದು ಬೇಡ. ಅವರು ಮನೆಯಲ್ಲಿ ಹೋಗಿ ಹೇಳಿದರೆ ಸಾಕು.

ಊರಿನ ನಾಯಿಗಳಲ್ಲಿ ಕನಿಷ್ಠ ಶೇಕಡಾ 70ರಷ್ಟಕ್ಕೆ ಲಸಿಕೆ ಬಿದ್ದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡಾವಣೆಯ ನಾಯಿಗಳು ಮಾತ್ರ ಬಂದರೆ ಆ ಅಂಕಿ ಮುಟ್ಟುವುದಿಲ್ಲ. ಅವುಗಳಲ್ಲಿ ಎಷ್ಟೋ ಗೇಟಿನೊಳಗೇ ಇರುವಂಥವು. ನಮಗೆ ಬೇಕಾಗಿರುವುದು ನಾಲ್ಕು ಮನೆಯ ಅನ್ನ ತಿನ್ನುವ ನಾಯಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಕಾರ್ಯಯೋಜನೆಯಲ್ಲಿ ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸುವ ಗುರಿ ಇದೆ. ಆ ಗುರಿ ಮುಟ್ಟಬೇಕಾದರೆ ಇಂಥ ನಾಯಿಗಳಿಗೇ ಲಸಿಕೆ ಬೀಳಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಉಚಿತ ಲಸಿಕೆ ಸಿಗುವುದು ಸುಲಭ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಆಗಸ್ಟ್‌ನಲ್ಲೇ ಒಂದು ಅರ್ಜಿ ಕೊಟ್ಟು, ನಾಯಿಗಳ ಅಂದಾಜು ಸಂಖ್ಯೆ ಬರೆದು ಕೊಡಿ.

ಶಿಬಿರದಲ್ಲಿ ಯಾರಿಗಾದರೂ ಹಲ್ಲು ತಾಗಿದರೆ ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅದೇ ದಿನ ಮನುಷ್ಯರ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ. ರಕ್ತ ಬಂದಿದ್ದರೆ ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದಿನ ಬಗ್ಗೆ ಮರೆಯದೆ ಕೇಳಿ. ಕಚ್ಚಿದ ನಾಯಿಯನ್ನು ಹೊಡೆಯಬೇಡಿ, 10 ದಿನ ಕಣ್ಣಿಗೆ ಕಾಣುವ ಹಾಗೆ ಕಟ್ಟಿ ನೋಡಬೇಕು. ಆ 10 ದಿನ ಮುಗಿಯಲಿ ಅಂತ ಮನುಷ್ಯರ ಲಸಿಕೆಯನ್ನು ಮುಂದಕ್ಕೆ ಹಾಕಬಾರದು.

ಕೊನೆಗೆ ನಿಮ್ಮ ಮರಿಗಳ ಪ್ರಶ್ನೆ. ಮನೆಯಲ್ಲೇ ಇರುವ ಸಾಕುಮರಿಗೆ ರೇಬೀಸ್ ಲಸಿಕೆಯನ್ನು ಮೂರು ತಿಂಗಳಿಗೆ ಹಾಕುವುದು ರೂಢಿ. ಅದಕ್ಕೂ ಮೊದಲು ಆರರಿಂದ ಎಂಟು ವಾರಕ್ಕೆ ಪಾರ್ವೋ ಮತ್ತು ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗದ ಲಸಿಕೆ ಶುರುವಾಗುತ್ತದೆ. ಆದರೆ ಊರಿಗೆ ಊರೇ ಲಸಿಕೆ ಹಾಕುವ ಶಿಬಿರದಲ್ಲಿ ಮರಿಗಳನ್ನೂ ಸೇರಿಸಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮರಿಯ ಜೊತೆ ಆಡುವವರು ಮಕ್ಕಳು. ವಾಪಸ್ ಕಳಿಸಿದ ಮರಿ ಮೂರು ತಿಂಗಳು ತುಂಬಿದ ದಿನ ನೆನಪಿಟ್ಟುಕೊಂಡು ಬರುತ್ತದೆಯೇ? ಹಾಗಾಗಿ ಮುಂದಿನ ಸಲ ಎರಡು ತಿಂಗಳ ಮರಿಗೂ ಹಾಕಿಸಿ. ಕಾರ್ಡಿನಲ್ಲಿ ದಿನಾಂಕ ಬರೆದು, ಮೂರು ತಿಂಗಳು ದಾಟಿದ ಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಂದು ಅಂತ ಹೇಳಿ ಕಳಿಸಿ. ಮೊನ್ನೆ ವಾಪಸ್ ಹೋದ ಮರಿಗಳ ಮನೆ ನಿಮ್ಮ ಹುಡುಗರಿಗೆ ಗೊತ್ತಿದ್ದರೆ ಸೆಪ್ಟೆಂಬರ್‌ವರೆಗೆ ಕಾಯಬೇಡಿ. ಅವುಗಳಿಗೆ ಈ ತಿಂಗಳೇ ಹಾಕಿಸಿ.